ಹಗೇವಿನ ಬಾಯಿ: ಮದ್ದೂರಿನ ಒಂದು ತೊಟ್ಟಿ ಮನೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಕೆಲಸ ಬಿಟ್ಟು ಇಷ್ಟು ಜನ ಬಂದಿದ್ದೀರಿ, ಬಹಳ ಸಂತೋಷ.

ನಾನು ಮಾತಾಡುವುದು ನಮ್ಮ ತಾತನ ಮನೆಯ ಬಗ್ಗೆ. ಜಗುಲಿ, ಪಡಸಾಲೆ, ನಡುವೆ ತೊಟ್ಟಿ, ಸುತ್ತ ಹಲಸಿನ ಕಂಬಗಳು. ಇಂಥ ಮನೆ ನಿಮ್ಮ ಬೀದಿಯಲ್ಲೂ ಇದ್ದೀತು. ಬಾಗಿಲ ಮೇಲೆ ಇಸವಿ ಕೆತ್ತಿಲ್ಲ. ಆದರೆ ಅಂಗಳದ ಮೂಲೆಯಲ್ಲಿ ಒಂದು ಕಲ್ಲು ಚಪ್ಪಡಿ ಇದೆ. ಮನೆಯ ಕಥೆ ಅದರ ಕೆಳಗಿದೆ.

ಅದು ಹಗೇವಿನ ಬಾಯಿ. ರಾಗಿ ತುಂಬುವ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಹೊಟ್ಟೆ ಗುಡಾಣದ ಹಾಗೆ ಅಗಲ. ಸುತ್ತ ರಾಗಿ ಹುಲ್ಲು ಒತ್ತಿ, ರಾಗಿ ಸುರಿದು, ಚಪ್ಪಡಿ ಮುಚ್ಚಿ, ಸಂದಿಗೆ ಮಣ್ಣು ಮೆತ್ತುತ್ತಿದ್ದರು. ಆಗ ಇಲ್ಲಿನದು ಹೆಚ್ಚಾಗಿ ಖುಷ್ಕಿ ಜಮೀನು. ಮಳೆ ಬಂದರೆ ಬೆಳೆ. ಒಂದು ಒಳ್ಳೆ ವರ್ಷದ ರಾಗಿ ಮುಂದಿನ ಕೆಟ್ಟ ವರ್ಷಗಳನ್ನು ದಾಟಿಸಬೇಕಿತ್ತು. ರಾಗಿ ಹಾಗೆ ವರ್ಷಗಟ್ಟಲೆ ಕೆಡದೆ ಇರುತ್ತದೆ.

ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಮೊದಲು ಹಗ್ಗ ಕಟ್ಟಿ ಲಾಟೀನು ಬಿಡುತ್ತಿದ್ದರು. ಮುಚ್ಚಿದ ಗುಂಡಿಯಲ್ಲಿ ಕಾಳೂ ಉಸಿರಾಡುತ್ತದೆ. ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಸಾಯುವುದೂ ಅದರಿಂದಲೇ. ದೀಪ ಆರಿತು ಅಂದರೆ ಬಾಯಿ ತೆರೆದಿಟ್ಟು ಕಾಯುವುದು. ಅವಸರಪಟ್ಟು ಇಳಿದು ಜೀವ ಬಿಟ್ಟವರೂ ಉಂಟು. ಅದಕ್ಕೇ ನಮ್ಮಜ್ಜಿ ಆ ಕಲ್ಲಿನ ಮೇಲೆ ನಮ್ಮನ್ನು ಕುಣಿಯೋಕೆ ಬಿಡುತ್ತಿರಲಿಲ್ಲ.

ಆಮೇಲೆ ನೀರು ಬಂತು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. 1930ರ ದಶಕದ ಹೊತ್ತಿಗೆ ಇರ್ವಿನ್ ನಾಲೆ, ಈಗ ನಾವು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅನ್ನುತ್ತೇವಲ್ಲ, ಅದರ ನೀರು ಈ ಸೀಮೆಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ಖುಷ್ಕಿ ಹೋಗಿ ತರಿ, ಅಂದರೆ ನೀರಾವರಿ ಜಮೀನು, ಆಯಿತು. ಕಬ್ಬನ್ನು ಗುಂಡಿಯಲ್ಲಿ ಇಡೋಕೆ ಆಗಲ್ಲ ಅಲ್ವಾ? ಅದು ಗದ್ದೆಯಿಂದ ನೇರ ಗಾಡಿಗೆ. ಭತ್ತ ಅಟ್ಟಕ್ಕೆ ಏರಿತು. ಇನ್ನೊಂದು ಸಂಗತಿ: ನೆಲದಲ್ಲಿ ತೇವ ಜಾಸ್ತಿಯಾಗಿ ಹಗೇವಿನ ಗೋಡೆ ಜಿನುಗಿತಂತೆ. ಒಂದು ಸಲ ಅಡಿಯ ರಾಗಿ ಮುಗ್ಗಲು ಹಿಡಿಯಿತು. ಮತ್ತೆ ಯಾರೂ ತುಂಬಲಿಲ್ಲ.

ಕಬ್ಬಿನ ದುಡ್ಡು ಮನೆಯೊಳಗೆ ಬಂದದ್ದು ಕಣ್ಣಿಗೇ ಕಾಣುತ್ತದೆ. ನಾಡಹೆಂಚು ಹೋಗಿ ಮಂಗಳೂರು ಹೆಂಚು ಬಂತು. ಸಗಣಿ ಸಾರಿಸುತ್ತಿದ್ದ ಪಡಸಾಲೆಗೆ ರೆಡ್ ಆಕ್ಸೈಡ್ ನೆಲ. ಕರೆಂಟು, ನಲ್ಲಿ ಆಮೇಲೆ ಒಂದೊಂದಾಗಿ ಸೇರಿದವು. ನನಗಂತೂ ಇದೆಲ್ಲಕ್ಕಿಂತ ಆ ಗುಂಡಿಯೇ ದೊಡ್ಡದು. ನಾಲೆ ಬರುವ ಮುಂಚೆ ಈ ಊರು ಹಸಿವನ್ನು ಹೇಗೆ ತಡೆದುಕೊಂಡಿತು ಅಂತ ಅದು ತೋರಿಸುತ್ತದೆ.

ಮನೆ ಪಾಲಾಗಿದೆ, ಮುಂದಿನ ತಿಂಗಳು ಕೆಡವುತ್ತಾರೆ. ನನಗೆ ಸಂಕಟ ಇದೆ, ತಡೆಯುವ ಶಕ್ತಿ ಇಲ್ಲ. ಕಂಬ, ತೊಲೆ, ಹೆಂಚು ಯಾರಾದರೂ ಕೊಳ್ಳುತ್ತಾರೆ. ಹಗೇವನ್ನು ಯಾರು ಕೊಳ್ಳುತ್ತಾರೆ? ಮಣ್ಣು ತುಂಬಿಬಿಡುತ್ತಾರೆ. ಅದಕ್ಕೆ ಮುಂಚೆ ಅಳತೆ ತೆಗೆಯಬೇಕು, ಚಿತ್ರ ಬರೆದಿಡಬೇಕು.

ಚಪ್ಪಡಿ ಎತ್ತೋಕೆ ನಾಲ್ಕು ಜನ ಬೇಕು. ಊಟ ಮುಗಿಸಿ ಬನ್ನಿ. ಹಗ್ಗ, ಲಾಟೀನು ತಂದಿಟ್ಟಿದ್ದೇನೆ. ಮೊದಲು ದೀಪ ಇಳಿಯಲಿ, ಆಮೇಲೆ ನಾವು.