ಕ್ಯಾಲ್ಸಿಯಂ ಹಿಡಿಯುವ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

ಅಡುಗೆಮನೆಯ ಕಟ್ಟೆ ಮೇಲೆ ರೇಡಿಯೊ ಇಟ್ಟುಕೊಂಡು ಕೆಲಸ ಮಾಡುತ್ತಾ ಕೇಳುತ್ತಿರುವವರನ್ನು ನೆನೆಸಿಕೊಂಡೇ ಮಾತಾಡುತ್ತೇನೆ. ಒಲೆ ಮೇಲೆ ಹಾಲಿದೆ. ಪಕ್ಕದಲ್ಲಿ ರಾಗಿಹಿಟ್ಟಿನ ಡಬ್ಬ. ಎರಡರಲ್ಲೂ ಕ್ಯಾಲ್ಸಿಯಂ ಇದೆ ಅನ್ನೋದು ನಿಮಗೆ ಗೊತ್ತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ. ಕ್ಯಾಲ್ಸಿಯಂ ಯಾಕೆ ಬೇಕು ಅಂತ ಕೇಳಿ ನೋಡಿ, ಎಲ್ಲರದೂ ಒಂದೇ ಉತ್ತರ: ಮೂಳೆಗೆ.

ನಾನು ಮೂವತ್ತು ವರ್ಷ ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡಿದವಳು. ಮೊದಲ ವರ್ಷದ ಮಕ್ಕಳೂ ಇದನ್ನೇ ಹೇಳುತ್ತಾರೆ. ತಪ್ಪಲ್ಲ. ಮೈಯಲ್ಲಿರುವ ಕ್ಯಾಲ್ಸಿಯಂ ಪೈಕಿ ಶೇಕಡಾ 99 ಪಾಲು ಮೂಳೆ, ಹಲ್ಲುಗಳಲ್ಲೇ ಇದೆ. ಆದರೆ ಉಳಿದ ಆ ಒಂದು ಪಾಲು ಎಲ್ಲಿದೆ, ಏನು ಮಾಡುತ್ತಿದೆ ಅಂತ ಯಾರೂ ಕೇಳುವುದೇ ಇಲ್ಲವಲ್ಲ ಅಂತ ಪ್ರತಿ ವರ್ಷವೂ ನನಗೆ ಬೇಸರ. ನಿಮ್ಮ ಎದೆ ಈಗ ಬಡಿಯುತ್ತಿರುವುದು ಆ ಒಂದು ಪಾಲಿನಿಂದ. ನನ್ನ ಮಾತು ನಿಮ್ಮ ತಲೆಗೆ ಹೋಗುತ್ತಿರುವುದೂ ಅದರಿಂದಲೇ.

ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು. ಕ್ಯಾಲ್ಸಿಯಂ ಬಂದರೆ ಸಾಲದು, ಅದನ್ನು ಹಿಡಿಯುವ ಕೈ ಬೇಕು. ಆ ಕೈ ಒಂದು ಪ್ರೊಟೀನ್.

ತೇರಿನ ದಿನ ದೇವಸ್ಥಾನದ ಬಾಗಿಲು ನೆನಪು ಮಾಡಿಕೊಳ್ಳಿ. ಹೊರಗೆ ಹತ್ತು ಸಾವಿರ ಜನ, ಒಳಗೆ ಒಬ್ಬರೇ ಅರ್ಚಕರು. ನಮ್ಮ ಒಂದೊಂದು ಜೀವಕೋಶವೂ ಹಾಗೇ ಇದೆ. ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಜಾಸ್ತಿ. ಬಾಗಿಲು ಒಂದು ಚೂರು ತೆಗೆದರೂ ಒಳಕ್ಕೆ ನುಗ್ಗುತ್ತದೆ. ಕೋಶಕ್ಕೆ ಅದೇ ಸೂಚನೆ. ಕೋಶದೊಳಗೆ ಕಾದು ಕೂತ ಪ್ರೊಟೀನು ಅದನ್ನು ಹಿಡಿಯುತ್ತದೆ, ಹಿಡಿದ ಕೂಡಲೇ ತನ್ನ ಆಕಾರ ಬದಲಾಯಿಸುತ್ತದೆ, ಕೆಲಸ ಶುರುವಾಗುತ್ತದೆ.

ಇದೆಲ್ಲ ಗೊತ್ತಾಗಿದ್ದು ಹೇಗೆ? ಈ ಕಥೆ ಹೇಳದೆ ನನಗೆ ಪಾಠ ಮುಂದಕ್ಕೇ ಹೋಗುವುದಿಲ್ಲ.

ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಅಂತ ಒಬ್ಬ ವೈದ್ಯರಿದ್ದರು. ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ಕೈತುಂಬ ರೋಗಿಗಳು. ಬಿಡುವು ಸಿಕ್ಕಾಗಲೆಲ್ಲ ಪ್ರಯೋಗಶಾಲೆಗೆ ಓಡುತ್ತಿದ್ದರು. ಕಪ್ಪೆಯ ಹೃದಯವನ್ನು ಹೊರಗೆ ತೆಗೆದು, ಉಪ್ಪುನೀರು ಹರಿಸಿ, ಎಷ್ಟು ಹೊತ್ತು ಬಡಿಯುತ್ತದೆ ಅಂತ ನೋಡುತ್ತಿದ್ದರು. ಚೆನ್ನಾಗಿ ಬಡಿಯಿತು. 1882ರಲ್ಲಿ ಅದನ್ನು ಬರೆದು ಪ್ರಕಟಿಸಿಯೂ ಆಯಿತು.

ಆಮೇಲೆ ಒಂದು ವಿಷಯ ಗೊತ್ತಾಯಿತು. ಆ ಉಪ್ಪುನೀರನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿರಲಿಲ್ಲ. ನಲ್ಲಿ ನೀರಿನಲ್ಲಿ ಮಾಡಿದ್ದರು! ನ್ಯೂ ರಿವರ್ ವಾಟರ್ ಕಂಪನಿಯ ನೀರು. 1613ರಿಂದ ಲಂಡನ್ನಿಗೆ ನೀರು ತರುತ್ತಿದ್ದ ಕಾಲುವೆ ಅದು. ನೀರು ಹುಟ್ಟುವ ಜಾಗ ಸೀಮೆಸುಣ್ಣದ ಕಲ್ಲಿನ ನೆಲ. ನಮ್ಮ ಬೋರ್‌ವೆಲ್ ನೀರು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತದಲ್ವಾ, ಆ ಜಾತಿಯ ಗಡಸು ನೀರು.

ರಿಂಗರ್ ಏನು ಮಾಡಿದರು? ಸುಮ್ನೆ ಇದ್ದುಬಿಡಬಹುದಿತ್ತು. ಯಾರು ಕೇಳುತ್ತಿದ್ದರು? ಅವರು ಹಾಗೆ ಮಾಡಲಿಲ್ಲ. ಶುದ್ಧ ನೀರಿನಲ್ಲಿ ಮತ್ತೆ ಉಪ್ಪುನೀರು ಮಾಡಿಸಿದರು. ಬಡಿತ ಕುಗ್ಗಿತು, ಸ್ವಲ್ಪ ಹೊತ್ತಿಗೆ ನಿಂತೇಹೋಯಿತು. ನಲ್ಲಿ ನೀರಿನಲ್ಲಿ ಏನೇನಿದೆಯೋ ಒಂದೊಂದನ್ನೇ ಸೇರಿಸಿ ನೋಡಿದರು. ಕ್ಯಾಲ್ಸಿಯಂ ಬಿದ್ದಾಗ ಹೃದಯ ಮತ್ತೆ ಎದ್ದಿತು. 1883ರಲ್ಲಿ, ಮೊದಲು ಬರೆದದ್ದು ನಲ್ಲಿ ನೀರಿನ ಫಲ ಅಂತ ಅದೇ ಪತ್ರಿಕೆಯಲ್ಲಿ ತಾವೇ ಬರೆದರು. ಎಂಥ ದೊಡ್ಡ ಮನಸ್ಸು ನೋಡಿ! ನಿಮಗೆ ಯಾವಾಗಲಾದರೂ ಡ್ರಿಪ್ ಹಾಕಿದ್ದರೆ ಬಾಟಲಿ ಮೇಲೆ ಆರ್‌ಎಲ್ ಅಂತ ಬರೆದಿದ್ದನ್ನು ಕಂಡಿರುತ್ತೀರಿ. ಆ ‘ಆರ್’ ಇದೇ ರಿಂಗರ್. ‘ಎಲ್’ ಅಂದರೆ ಲ್ಯಾಕ್ಟೇಟ್, ಅದನ್ನು ಮುಂದೆ ಅಮೆರಿಕದ ಮಕ್ಕಳ ವೈದ್ಯ ಹಾರ್ಟ್‌ಮನ್ ಸೇರಿಸಿದರು.

ನಾವು ಓದುವಾಗ ಈ ಪ್ರಯೋಗವನ್ನು ನಾವೇ ಮಾಡಬೇಕಿತ್ತು. ತಿರುಗುವ ಡ್ರಮ್ಮಿಗೆ ಹೊಳಪಿನ ಕಾಗದ ಸುತ್ತಿ, ಹೊಗೆ ಹಿಡಿದು ಕಪ್ಪು ಮಾಡುತ್ತಿದ್ದೆವು. ಕಪ್ಪೆಯ ಹೃದಯದ ತುದಿಗೆ ಸಣ್ಣ ಕೊಕ್ಕೆ, ಕೊಕ್ಕೆಗೆ ದಾರ, ದಾರಕ್ಕೆ ಕಡ್ಡಿ. ಬಡಿದಾಗಲೆಲ್ಲ ಕಡ್ಡಿ ಮಸಿಯನ್ನು ಕೆರೆದು ಬಿಳಿ ಗೀಟು ಎಳೆಯುತ್ತಿತ್ತು. ಕ್ಯಾಲ್ಸಿಯಂ ಇಲ್ಲದ ನೀರು ಬಿಟ್ಟೆವು. ಬೆರಳುದ್ದ ಇದ್ದ ಗೀಟು ಕಡಲೆಕಾಳಿನಷ್ಟಾಯಿತು, ಎಳ್ಳಿನಷ್ಟಾಯಿತು, ಕೊನೆಗೆ ಬರೀ ಅಡ್ಡಗೆರೆ. ನಮ್ಮ ಮೇಜಿನ ನಾಲ್ಕೂ ಜನ ಉಸಿರು ಬಿಗಿಹಿಡಿದು ನಿಂತಿದ್ದೆವು. ಕ್ಯಾಲ್ಸಿಯಂ ಎರಡು ಹನಿ. ಕಡ್ಡಿ ಒಮ್ಮೆ ನಡುಗಿತು. ಮತ್ತೊಮ್ಮೆ. ಆಮೇಲೆ ಗೀಟುಗಳು ಮೆಟ್ಟಿಲು ಹತ್ತಿದ ಹಾಗೆ ಮೇಲೆದ್ದವು. ಅರಗಿನ ವಾರ್ನಿಷ್ ಹಾಕಿ ಒಣಗಿಸಿದ ಆ ಕಾಗದ ಇವತ್ತಿಗೂ ನನ್ನ ಹತ್ತಿರ ಇದೆ. ಅದನ್ನು ನೋಡಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ಈಗಿನ ಮಕ್ಕಳು ಇದನ್ನು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಕಪ್ಪೆಗಳು ಉಳಿದವು, ಅದು ಒಳ್ಳೆಯದೇ.

ಆದರೆ ಕೇಳಿ, ರಿಂಗರಿಗೆ ಅರ್ಧ ಮಾತ್ರ ಸಿಕ್ಕಿತ್ತು. ಕ್ಯಾಲ್ಸಿಯಂ ಬೇಕು, ಸರಿ. ಅದನ್ನು ಹಿಡಿಯುವ ಕೈ ಯಾವುದು? ಅದಕ್ಕೆ ಇನ್ನೂ ಎಂಬತ್ತು ವರ್ಷ ಕಾಯಬೇಕಾಯಿತು. ಟೋಕಿಯೊದಲ್ಲಿ ಸೆಟ್ಸುರೊ ಎಬಾಶಿ ಮತ್ತು ಅವರ ಜೊತೆಯವರು 1965ರ ಹೊತ್ತಿಗೆ ಅದನ್ನು ಸ್ನಾಯುವಿನಿಂದ ಬೇರೆ ಮಾಡಿ ತೋರಿಸಿದರು. ಹೆಸರು ಟ್ರೋಪೋನಿನ್. ಸಿ, ಐ, ಟಿ ಅಂತ ಮೂರು ತುಂಡು. ಕ್ಯಾಲ್ಸಿಯಂ ಹಿಡಿಯುವುದು ಸಿ. ಹಿಡಿದ ತಕ್ಷಣ ಸ್ನಾಯುವಿನ ಎಳೆಗಳಿಗಿದ್ದ ತಡೆ ಸರಿಯುತ್ತದೆ, ಎಳೆಗಳು ಒಂದನ್ನೊಂದು ಜಗ್ಗುತ್ತವೆ, ಹೃದಯ ಮುದುಡುತ್ತದೆ. ಕೈ ಬಿಟ್ಟಾಗ ಹೃದಯ ಅರಳುತ್ತದೆ. ಹಿಡಿ, ಬಿಡು. ಹಿಡಿ, ಬಿಡು. ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಎದೆನೋವು ಅಂತ ಹೋದವರಿಗೆ ಟ್ರೋಪೋನಿನ್ ಟೆಸ್ಟ್ ಮಾಡಿಸುತ್ತಾರಲ್ಲ, ಇದೇ ಟ್ರೋಪೋನಿನ್. ಹೃದಯದ ಕೋಶ ಸತ್ತರೆ ಐ ಮತ್ತು ಟಿ ರಕ್ತಕ್ಕೆ ಸೋರುತ್ತವೆ, ಅದನ್ನು ಅಳೆಯುತ್ತಾರೆ.

ಕೈ ಅಂತ ನಾನು ಸುಮ್ನೆ ಹೇಳುತ್ತಿಲ್ಲ. ನಿಮ್ಮ ಬಲಗೈ ಚಾಚಿ. ಹೆಬ್ಬೆರಳು, ತೋರುಬೆರಳು ಬಿಚ್ಚಿ ಹಿಡಿಯಿರಿ. ಮಿಕ್ಕ ಬೆರಳು ಮಡಚಿ. ರಾಬರ್ಟ್ ಕ್ರೆಟ್ಸಿಂಗರ್ ಅನ್ನುವ ವಿಜ್ಞಾನಿ 1973ರಲ್ಲಿ ಕಾರ್ಪ್ ಮೀನಿನ ಸ್ನಾಯುವಿನ ಪ್ರೊಟೀನಿನಲ್ಲಿ ಕಂಡಿದ್ದು ಸರಿಯಾಗಿ ಇದೇ ಆಕಾರ. ಇಎಫ್ ಹ್ಯಾಂಡ್ ಅಂತಲೇ ಅದಕ್ಕೆ ಹೆಸರು. ಟ್ರೋಪೋನಿನ್‌ನಲ್ಲೂ ಈ ಕೈ ಇದೆ. ಕ್ಯಾಲ್ಮೊಡ್ಯುಲಿನ್ ಅನ್ನುವ ಇನ್ನೊಂದು ಪ್ರೊಟೀನಿನಲ್ಲಿ ಇಂಥ ನಾಲ್ಕು ಕೈಗಳು.

ಈ ಕ್ಯಾಲ್ಮೊಡ್ಯುಲಿನ್ ಬಗ್ಗೆಯೇ ಒಂದು ಗಂಟೆ ಮಾತಾಡಬೇಕು, ಅಷ್ಟು ಹೊತ್ತಿಲ್ಲ. ಅಮೈನೊ ಆಮ್ಲ ಅನ್ನುವ 148 ಮಣಿಗಳ ಸಣ್ಣ ಸರ ಅಂದುಕೊಳ್ಳಿ. ಮೀನು, ಕೋಳಿ, ಹಸು, ನಾವು, ಎಲ್ಲರಲ್ಲೂ ಮಣಿಗೆ ಮಣಿ ಒಂದೇ ಸರ! ನಮ್ಮಲ್ಲಿ ಇದನ್ನೇ ಮಾಡಲು ಮೂರು ಜೀನ್‌ಗಳಿವೆ. ತಾಯಿಯಿಂದ ಮೂರು, ತಂದೆಯಿಂದ ಮೂರು, ಒಟ್ಟು ಆರು ಪ್ರತಿ. ಆರರಲ್ಲಿ ಒಂದೇ ಒಂದು ಪ್ರತಿಯಲ್ಲಿ ಒಂದು ಮಣಿ ತಪ್ಪಿದರೂ ಎಳೆಯ ಮಕ್ಕಳ ಹೃದಯದ ತಾಳ ತಪ್ಪಿ ಜೀವಕ್ಕೇ ಕುತ್ತು ಬರಬಹುದು ಅಂತ 2012ರಿಂದ ಈಚೆಗೆ ಗೊತ್ತಾಗಿದೆ. ಕ್ಯಾಲ್ಸಿಯಂ ಬರುತ್ತಲೇ ಇದೆ. ಹಿಡಿಯುವ ಕೈ ಸೊಟ್ಟಗಿದೆ. ಕೋಶದ ಬಾಗಿಲು ಮುಚ್ಚಿಸಬೇಕಾದದ್ದೂ ಇದೇ ಕೈ, ಹಾಗಾಗಿ ಬಾಗಿಲು ಮುಚ್ಚುವ ಹೊತ್ತಿಗೆ ಮುಚ್ಚುವುದಿಲ್ಲ.

ಮೆದುಳಿನ ಬಗ್ಗೆ ಹೇಳಲು ಎರಡೇ ನಿಮಿಷ ಉಳಿಯಿತು. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕೊಡುವುದು ರಾಸಾಯನಿಕದ ಮೂಲಕ. ಆ ರಾಸಾಯನಿಕ ನರದ ತುದಿಯಲ್ಲಿ ಸಣ್ಣ ಸಣ್ಣ ಚೀಲಗಳಲ್ಲಿ ತುಂಬಿರುತ್ತದೆ. ಕ್ಯಾಲ್ಸಿಯಂ ಒಳಬಂದರೆ ಚೀಲ ಬಿಚ್ಚಿಕೊಳ್ಳುತ್ತದೆ, ಅದೂ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಬೇಗ. ಇಲ್ಲಿ ಹಿಡಿಯುವ ಕೈ ಸಿನಾಪ್ಟೊಟ್ಯಾಗ್ಮಿನ್. ಆಕಾರ ಬೇರೆ, ಕೆಲಸ ಅದೇ. ಇದನ್ನು ತೋರಿಸಿಕೊಟ್ಟ ಥಾಮಸ್ ಸೂಡಾಫ್ 2013ರ ನೊಬೆಲ್ ಹಂಚಿಕೊಂಡರು. ನೆನಪಿಗೂ ಕ್ಯಾಲ್ಮೊಡ್ಯುಲಿನ್ ಬೇಕು. ಅದು ಕ್ಯಾಲ್ಸಿಯಂ ಹಿಡಿದು ಪಕ್ಕದ ಒಂದು ಕಿಣ್ವವನ್ನು ತಟ್ಟಿ ಎಬ್ಬಿಸುತ್ತದೆ. ಆ ಕಿಣ್ವ ಕ್ಯಾಲ್ಸಿಯಂ ಹೊರಟುಹೋದ ಮೇಲೂ ಸ್ವಲ್ಪ ಹೊತ್ತು ಎಚ್ಚರವಾಗಿಯೇ ಇರುತ್ತದೆ. ಕಲಿತದ್ದು ನಿಲ್ಲುವುದಕ್ಕೆ ಅಲ್ಲಿಂದ ಶುರು.

ಹಾಗಾದರೆ ಕ್ಯಾಲ್ಸಿಯಂ ಮಾತ್ರೆ ಜಾಸ್ತಿ ನುಂಗಿದರೆ ನೆನಪಿನ ಶಕ್ತಿ ಹೆಚ್ಚುತ್ತಾ ಅಂತ ಈಗ ಯಾರೋ ಕೇಳುತ್ತಿದ್ದೀರಿ, ನನಗೆ ಗೊತ್ತು. ಎಲ್ಲಿ ಮಾತಾಡಿದರೂ ಇದೊಂದು ಪ್ರಶ್ನೆ ಬಂದೇ ಬರುತ್ತದೆ. ಇಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ನಾನು ಇಷ್ಟು ಹೊತ್ತು ಹೇಳಿದ್ದು ಹಿಡಿಯುವ ಕೈಯ ವಿಷಯ. ಕ್ಯಾಲ್ಸಿಯಂ ಸುರಿದರೆ ಕೈಗಳು ಹುಟ್ಟುವುದಿಲ್ಲ. ರಕ್ತದಲ್ಲಿ ಅದು ಎಷ್ಟಿರಬೇಕು ಅಂತ ನೋಡಿಕೊಳ್ಳಲು ಕುತ್ತಿಗೆಯಲ್ಲಿ, ಥೈರಾಯ್ಡ್ ಹಿಂದೆ, ಕಾಳಿನಷ್ಟು ದೊಡ್ಡ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಹಗಲು ರಾತ್ರಿ ಅವು ಅಳೆಯುತ್ತಲೇ ಇರುತ್ತವೆ.

ಹೊರಡುವ ಮುಂಚೆ ಇದೊಂದನ್ನು ಕೇಳಿಸಿಕೊಳ್ಳಿ. ಥೈರಾಯ್ಡ್ ಆಪರೇಷನ್ ಆದವರಲ್ಲಿ ಕೆಲವರಿಗೆ ಈ ಗ್ರಂಥಿಗಳಿಗೆ ಪೆಟ್ಟು ಬಿದ್ದಿರುತ್ತದೆ. ಒಂದೆರಡು ದಿನದಲ್ಲಿ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಅಂದರೆ, ಕೈಬೆರಳು ತಾನಾಗಿ ಸೆಟೆದುಕೊಂಡರೆ, ನಿಶ್ಶಕ್ತಿ ಅಂತ ಸುಮ್ಮನಾಗಬೇಡಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರಬಹುದು. ರಾತ್ರಿ ಎಷ್ಟೇ ಹೊತ್ತಾಗಿರಲಿ, ಕೂಡಲೇ ಸಿಸ್ಟರನ್ನು ಕರೆದು ಹೇಳಿ.

ನಮಸ್ಕಾರ.