ನೂರು ದಿನಕ್ಕೇ ಮಾರ್ಕು ಕೊಡಬೇಡಿ

ಕೇಳುಗರಿಗೆಲ್ಲ ನಮಸ್ಕಾರ. ಕಾರವಾರದ ಸ್ಟುಡಿಯೋದಲ್ಲಿ ಕೂತು ಅಮೆರಿಕದ ಅಧ್ಯಕ್ಷರ ಬಗ್ಗೆ ಮಾತಾಡಿ ಎಂದಾಗ ನನಗೂ ನಗು ಬಂತು. ಆದರೆ ಶಿರಸಿ, ಕುಮಟಾ, ಹೊನ್ನಾವರ ಕಡೆಯ ಎಷ್ಟೋ ಮನೆಗಳ ಮಗನೋ ಸೊಸೆಯೋ ಅಲ್ಲೇ ಇದ್ದಾರೆ, ಅಲ್ವಾ? ಅಲ್ಲಿ ಹೊಸ ಅಧ್ಯಕ್ಷ ಬಂದರೆ ಇಲ್ಲಿ ಮದುವೆ ಊಟದ ಪಂಕ್ತಿಯಲ್ಲೇ ತೀರ್ಪು ಆಗಿಬಿಡುತ್ತದೆ. ಮಗನ ವೀಸಾ ಮುಂದುವರಿದರೆ ಅಧ್ಯಕ್ಷ ಒಳ್ಳೆಯವನು, ತಡೆದರೆ ಕೆಟ್ಟವನು. ಹೊಟ್ಟೆಪಾಡಿನ ಮಾತು, ಬೇಡ ಅನ್ನುವುದಿಲ್ಲ. ಆದರೆ ಆಡಳಿತವನ್ನು ಅಳೆಯುವ ಕ್ರಮ ಅದಲ್ಲ.

ಇವತ್ತು ನಾನು ಹೇಳುವುದು ಒಂದೇ ಮಾತು. ಮಾರ್ಕು ಕೊಡುವ ಮೊದಲು ಕೇಳಿ: ಈ ಕೆಲಸ ಶುರು ಮಾಡಿದ್ದು ಯಾರು?

ಟಿವಿಯವರಿಗೆ ಈ ಪ್ರಶ್ನೆ ಬೇಡ. ಹೊಸ ಅಧ್ಯಕ್ಷನಿಗೆ ಮಾರ್ಕು ಕೊಡಲು ಅವರಿಗೆ ಅಧಿಕಾರದ ಮೊದಲ ನೂರು ದಿನ ಸಾಕು. ಈ ನೂರು ದಿನದ ಗೀಳು ಹಿಡಿಸಿದ್ದು 1933ರಲ್ಲಿ ಬಂದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್. ಬ್ಯಾಂಕುಗಳೆಲ್ಲ ಬಾಗಿಲು ಹಾಕಿದ್ದ ಕಾಲ. ಸಂಸತ್ತಿನ ವಿಶೇಷ ಅಧಿವೇಶನ ಕರೆದು ಸುಮಾರು ನೂರು ದಿನದಲ್ಲಿ 15 ದೊಡ್ಡ ಕಾನೂನು ಮಾಡಿಸಿದರು. ಆಮೇಲೆ ರೇಡಿಯೋದಲ್ಲೇ ಆ ನೂರು ದಿನಗಳ ಮಾತೆತ್ತಿದರು. ಅಲ್ಲಿಂದ ಶುರುವಾದದ್ದು ಇನ್ನೂ ನಿಂತಿಲ್ಲ. ಆದರೆ ಇಂದಿಗೂ ಅಮೆರಿಕದ ಮುದುಕರಿಗೆ ಪಿಂಚಣಿ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಾನೂನು ಆ 15ರಲ್ಲಿ ಇರಲೇ ಇಲ್ಲ. ಅದು ಬಂದದ್ದು 1935ರಲ್ಲಿ. ಆ 15ರಲ್ಲಿ ಬಹಳ ಸದ್ದು ಮಾಡಿದ್ದ ಕೈಗಾರಿಕಾ ಕಾನೂನನ್ನು ಅದೇ ವರ್ಷ ಸುಪ್ರೀಂ ಕೋರ್ಟ್ ಹೊಡೆದುಹಾಕಿತು. ನೂರನೇ ದಿನ ಮಾರ್ಕು ಕೊಟ್ಟವರು ಎರಡನ್ನೂ ತಪ್ಪಿಸಿಕೊಂಡರು.

ಈಗ ನನಗೆ ತುಂಬ ಇಷ್ಟದ ಕಥೆಗೆ ಬರುತ್ತೇನೆ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

1979. ಅಧ್ಯಕ್ಷ ಜಿಮ್ಮಿ ಕಾರ್ಟರ್. ಬೆಲೆಯೇರಿಕೆ ಶೇಕಡಾ 11 ದಾಟಿದೆ, ಮರುವರ್ಷ 13ನ್ನೂ ದಾಟಲಿದೆ. ಕಾರ್ಟರ್ ಆ ಆಗಸ್ಟಿನಲ್ಲಿ ಪಾಲ್ ವೋಲ್ಕರ್ ಎಂಬವರನ್ನು ಫೆಡರಲ್ ರಿಸರ್ವ್‌ನ ಮುಖ್ಯಸ್ಥರಾಗಿ ಮಾಡಿದರು. ಫೆಡರಲ್ ರಿಸರ್ವ್ ಅಂದರೆ ನಮ್ಮ ರಿಸರ್ವ್ ಬ್ಯಾಂಕ್ ಇದ್ದ ಹಾಗೆ. ವೋಲ್ಕರ್ ಎರಡು ಮೀಟರ್ ಉದ್ದದ ಆಳು, ಬಾಯಲ್ಲಿ ಯಾವಾಗಲೂ ಸಿಗಾರು. ಬೆಲೆಯೇರಿಕೆ ತಗ್ಗಿಸಬೇಕೆಂದು ಬಂದವರೇ ಬಡ್ಡಿ ಏರಲು ಬಿಟ್ಟರು; ಸಾಲ ದುಬಾರಿಯಾದರೆ ಕೊಳ್ಳುವವರು ಕಡಿಮೆ, ಬೆಲೆಯ ಓಟವೂ ತಗ್ಗುತ್ತದೆ. ಬ್ಯಾಂಕುಗಳು ತಮ್ಮತಮ್ಮೊಳಗೆ ಒಂದು ರಾತ್ರಿಗೆ ಕೊಡುವ ಸಾಲದ ಬಡ್ಡಿಯೇ ಶೇಕಡಾ 20ರ ಹತ್ತಿರ ಹೋಯಿತು. ಮನೆ ಸಾಲ 1981ರಲ್ಲಿ 18 ದಾಟಿತು. ಸೊಸೈಟಿಯಲ್ಲಿ ಬೆಳೆಸಾಲ ತೆಗೆದವರಿಗೆ ಇದರ ಬಿಸಿ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮನೆ ಕಟ್ಟುವವರಿಗೆ ಗಿರಾಕಿ ಇಲ್ಲ. ಅವರು ಏನು ಮಾಡಿದರು ಗೊತ್ತಾ? ಕೆಲಸಕ್ಕೆ ಬಾರದೆ ಬಿದ್ದಿದ್ದ ಮರದ ರೀಪಿನ ತುಂಡುಗಳನ್ನು ವೋಲ್ಕರ್‌ಗೆ ಅಂಚೆಯಲ್ಲಿ ಕಳಿಸಿದರು! ಸಿಟ್ಟಿನ ಮಾತು ಬರೆದು, ಸ್ಟ್ಯಾಂಪು ಹಚ್ಚಿ. ಕಾರು ಮಾರುವವರು ಮಾರಾಟವಾಗದ ಕಾರುಗಳ ಕೀಲಿ ಕಳಿಸಿದರು. ರೈತರು ಟ್ರ್ಯಾಕ್ಟರ್ ತಂದು ವಾಷಿಂಗ್ಟನ್ನಿನಲ್ಲಿ ಆ ಕಚೇರಿಗೆ ಸುತ್ತು ಹೊಡೆದರು. ವೋಲ್ಕರ್ ಜಗ್ಗಲಿಲ್ಲ.

ಇದರ ನಡುವೆ 1980ರ ಚುನಾವಣೆ. ಇರಾನಿನಲ್ಲಿ ಸೆರೆಯಾಗಿದ್ದ ಅಮೆರಿಕದ ಒತ್ತೆಯಾಳುಗಳ ಸಂಕಟವೂ ಸೇರಿ ಕಾರ್ಟರ್ ಮಣ್ಣು ಮುಕ್ಕಿದರು. 50 ರಾಜ್ಯಗಳಲ್ಲಿ ಗೆದ್ದದ್ದು ಆರು. ರೊನಾಲ್ಡ್ ರೇಗನ್ ಬಂದರು. ಬಂದವರ ಕಥೆ? 1982ರ ಕೊನೆಗೆ ನಿರುದ್ಯೋಗ ಶೇಕಡಾ 10.8. ಆ ನವೆಂಬರಿನಲ್ಲಿ ಕೆಳಮನೆಯಲ್ಲಿ ಅವರ ಪಕ್ಷ 26 ಸ್ಥಾನ ಕಳೆದುಕೊಂಡಿತು. 1983ರ ಜನವರಿಯಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಅವರನ್ನು ಮೆಚ್ಚಿದವರು ಶೇಕಡಾ 35. ಅವತ್ತು ಕೇಳಿದ್ದರೆ ಎಲ್ಲರೂ ಹೇಳುತ್ತಿದ್ದರು: ಈ ಮನುಷ್ಯನ ಕಥೆ ಮುಗಿಯಿತು.

ಅದೇ ವರ್ಷ ಬೆಲೆಯೇರಿಕೆ ಶೇಕಡಾ 3ರ ಆಸುಪಾಸಿಗೆ ಇಳಿಯಿತು. ಕೆಲಸ ಹುಟ್ಟಿತು. 1984ರಲ್ಲಿ ರೇಗನ್ 49 ರಾಜ್ಯ ಗೆದ್ದರು.

ಈಗ ಹೇಳಿ, ಶುರು ಮಾಡಿದ್ದು ಯಾರು? ಕಹಿ ಮದ್ದು ಕೊಡುವ ವೈದ್ಯನನ್ನು ಕರೆಸಿದ್ದು ಕಾರ್ಟರ್. ಗುಣವಾದ ಹೆಸರು ರೇಗನ್‌ಗೆ. ನನ್ನನ್ನು ಕೇಳಿದರೆ ರೇಗನ್ ಮಾಡಿದ ದೊಡ್ಡ ಕೆಲಸ ಅಂದರೆ ಅಡ್ಡ ಬರದೇ ಇದ್ದದ್ದು. 1983ರಲ್ಲಿ ವೋಲ್ಕರ್ ಅವರನ್ನೇ ಮತ್ತೆ ನೇಮಿಸಿದರು. ಅದಕ್ಕೂ ಧೈರ್ಯ ಬೇಕು, ಅದರ ಮಾರ್ಕು ಅವರಿಗೇ ಸಲ್ಲಲಿ.

ನಮ್ಮಲ್ಲೇ ನೋಡಿ. ಕಾರವಾರದ ನೌಕಾನೆಲೆ ಯೋಜನೆ ಸೀಬರ್ಡ್‌ಗೆ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ್ದು 1986ರಲ್ಲಿ. ಆ ಯೋಜನೆಯ ಕದಂಬ ನೌಕಾನೆಲೆ ಸೇವೆಗೆ ಬಂದದ್ದು 2005ರಲ್ಲಿ. ನಡುವೆ ದಿಲ್ಲಿಯಲ್ಲಿ ಎಷ್ಟು ಸರ್ಕಾರ ಬಂದು ಹೋದವು! ನೂರು ದಿನದ ಲೆಕ್ಕ ಹಿಡಿದರೆ ಅಷ್ಟೂ ಸರ್ಕಾರಗಳಿಗೆ ಸೊನ್ನೆಯೇ.

ನಾನು ಇನ್ನೂ ಮೂರ್ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ. ಗಾಜಿನ ಆಚೆ ಗಡಿಯಾರ ತೋರಿಸುತ್ತಿದ್ದಾರೆ, ಓಡಿಸುತ್ತೇನೆ. ಹಣಕಾಸು: ಅಧ್ಯಕ್ಷ ಅಧಿಕಾರ ವಹಿಸುವುದು ಜನವರಿ 20ಕ್ಕೆ, ಅವರ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. ಎಂಟು ತಿಂಗಳು ಸರ್ಕಾರ ನಡೆಯುವುದು ಬಹುಮಟ್ಟಿಗೆ ಹಿಂದಿನವರ ಲೆಕ್ಕದಲ್ಲಿ. ಜನಪ್ರಿಯತೆ: 1991ರಲ್ಲಿ ಕುವೈತ್ ಯುದ್ಧ ಗೆದ್ದ ದೊಡ್ಡ ಬುಷ್‌ಗೆ ಶೇಕಡಾ 89 ಇತ್ತು, ಮರುವರ್ಷ ಸೋತು ಮನೆಗೆ ಹೋದರು. ಟ್ರೂಮನ್‌ಗೆ 1952ರಲ್ಲಿ 22ಕ್ಕೆ ಇಳಿದಿತ್ತು, ಇವತ್ತು ಇತಿಹಾಸಕಾರರು ಅವರನ್ನು ಮೇಲಿನ ಸಾಲಿನಲ್ಲಿ ಕೂರಿಸುತ್ತಾರೆ. ಆದರೆ ಅಧ್ಯಕ್ಷ ತಾನೇ ಸಹಿ ಹಾಕಿ ಕೊಟ್ಟ ಆದೇಶ, ತಾನೇ ಆರಿಸಿದ ಮಂತ್ರಿ, ಇವು ಅವರದ್ದೇ. ಅದಕ್ಕೆ ಮೊದಲ ದಿನವೇ ಮಾರ್ಕು ಕೊಡಿ, ಬೈಯಿರಿ, ನನ್ನ ಅಡ್ಡಿ ಇಲ್ಲ.

ಡಾಲರ್ ಬೆಲೆ ನೋಡಿ ಅಧ್ಯಕ್ಷರನ್ನು ಅಳೆಯುವವರ ಬಗ್ಗೆಯೂ ಎರಡು ಮಾತಿತ್ತು. ಇನ್ನೊಮ್ಮೆ ಕರೆದರೆ ಹೇಳುತ್ತೇನೆ. ನಮಸ್ಕಾರ.