ಕಿವಿ ಜೋತುಬಿದ್ದ ಮೊಲಗಳು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳು ಸಂಗ್ರಹಾಲಯವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ನಿಜವಾದ ಮಿದುಳನ್ನು ಮುಟ್ಟಿ ನೋಡಬಹುದು. ತೂಕ ಒಂದೂವರೆ ಕಿಲೋದೊಳಗೆ, ಅದರಲ್ಲಿ ಸುಮಾರು 8600 ಕೋಟಿ ನರಕೋಶಗಳು. ಅಷ್ಟೂ ಕೋಶಗಳ ಪುರಾಣ ಹೇಳುತ್ತೇನೆಂದು ಹೆದರಬೇಡಿ. ನಡುಮಿದುಳಿನ ಒಂದು ಕಪ್ಪು ಪಟ್ಟಿ, ನಮ್ಮ ಕಾಡಿನ ಒಂದು ಗಿಡ, ಒಂದು ಬಳ್ಳಿ, ಸ್ವೀಡನ್ನಿನ ಕೆಲವು ಮೊಲಗಳು, ಇಷ್ಟೇ ಇವತ್ತಿನ ಕಥೆ.

ಗಿಡ ಸರ್ಪಗಂಧ. ಇದರ ಬೇರನ್ನು ನಮ್ಮ ವೈದ್ಯರು ಹುಚ್ಚಿಗೂ ನಿದ್ರೆಗೂ ಕೊಡುತ್ತಿದ್ದರು. ಅದು ರಕ್ತದೊತ್ತಡ ಇಳಿಸುತ್ತದೆಂದು ಮುಂಬೈಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ವೈದ್ಯಪತ್ರಿಕೆಯೊಂದರಲ್ಲಿ ಬರೆದ ಮೇಲೆ ಪಶ್ಚಿಮದವರ ಕಣ್ಣು ಅದರ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಬೇರಿನಿಂದ ರೆಸರ್ಪಿನ್ ಎಂಬ ಮದ್ದಿನ ಅಂಶವನ್ನು ಬೇರ್ಪಡಿಸಿದರು. ಒತ್ತಡವೇನೋ ಇಳಿಯಿತು, ಆದರೆ ಕೆಲವು ರೋಗಿಗಳ ಕೈಕಾಲು ಬಿಗಿದವು, ನಡೆ ನಿಧಾನವಾಯಿತು, ಮನಸ್ಸು ಕುಗ್ಗಿತು.

ಯಾಕೆ? ಎರಡು ನರಕೋಶಗಳು ಮಾತನಾಡುವ ಕಡೆ ಸಾಮಾನ್ಯವಾಗಿ ಒಂದನ್ನೊಂದು ಮುಟ್ಟುವುದಿಲ್ಲ. ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಎರಡು ಪಾಲಿನಷ್ಟು ಸಂದು ನಡುವೆ ಇರುತ್ತದೆ. ಈಚೆ ದಡದ ಕೋಶ ರಾಸಾಯನಿಕ ಉಗುಳುತ್ತದೆ, ಆಚೆ ದಡದ್ದು ಹಿಡಿದುಕೊಳ್ಳುತ್ತದೆ. ಉಗುಳುವ ಮೊದಲು ಅದನ್ನು ಪುಟ್ಟ ಚೀಲಗಳಲ್ಲಿ ತುಂಬಿಡಬೇಕು, ಕಣಜಕ್ಕೆ ಭತ್ತ ತುಂಬಿದ ಹಾಗೆ. ರೆಸರ್ಪಿನ್ ಆ ಕಣಜದ ಬಾಯಿಯನ್ನೇ ಮುಚ್ಚುತ್ತದೆ. ಅಂಗಳದಲ್ಲಿ ಉಳಿದ ಭತ್ತವನ್ನು ಇಲಿ ತಿನ್ನುವಂತೆ, ಹೊರಗುಳಿದ ಡೋಪಮೈನ್ ಎಂಬ ಇಂಥದೊಂದು ರಾಸಾಯನಿಕವನ್ನು ಕೋಶದೊಳಗಿನ ಕಿಣ್ವಗಳು ಮುಗಿಸುತ್ತವೆ. ಹೇಳಬೇಕಾದ ಹೊತ್ತಿಗೆ ಕೋಶದ ಕೈ ಬರಿದು.

1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರೆಸರ್ಪಿನ್ ಕೊಟ್ಟರು. ಅವು ಕಿವಿ ಜೋತುಬಿಟ್ಟು ಮುದ್ದೆಯಾಗಿ ಕುಳಿತವು. ಆಮೇಲೆ ಮೈಯೊಳಗೆ ಡೋಪಮೈನ್ ಆಗಿ ಬದಲಾಗುವ ಎಲ್-ಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಕಿವಿ ನಿಮಿರಿಸಿ ಓಡಾಡಿದವು! ಅಲ್ಲಿಯವರೆಗೆ ಡೋಪಮೈನ್ ಎಂದರೆ ಬೇರೊಂದು ರಾಸಾಯನಿಕಕ್ಕೆ ಕಚ್ಚಾ ಸರಕು ಎಂದಷ್ಟೇ ಎಣಿಕೆ. 1960ರಲ್ಲಿ ವಿಯೆನ್ನಾದ ಸಂಶೋಧಕರು ಕೈಕಾಲು ಬಿಗಿದು ನಡೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಇದ್ದು ತೀರಿಕೊಂಡವರ ಮಿದುಳನ್ನು ಪರೀಕ್ಷಿಸಿ, ಚಲನೆಯನ್ನು ನಿಯಂತ್ರಿಸುವ ಭಾಗದಲ್ಲಿ ಅದೇ ಡೋಪಮೈನ್ ತೀರಾ ಕಡಿಮೆಯಿರುವುದನ್ನು ಕಂಡರು. ಅದನ್ನು ಅಲ್ಲಿಗೆ ಕಳಿಸುವ ಕೋಶಗಳ ಮನೆಯೇ ಆ ಕಪ್ಪು ಪಟ್ಟಿ. ಈ ಕಾಯಿಲೆಯಲ್ಲಿ ಅದು ಮಾಸುತ್ತದೆ. ಮೊಲಗಳ ಕೆಲಸಕ್ಕೆ ನೊಬೆಲ್ ಬರಲು 2000ನೆಯ ಇಸವಿಯೇ ಆಗಬೇಕಾಯಿತು.

ಪಾರ್ಕಿನ್ಸನ್ ಇದ್ದವರಿಗೆ ಮಾತ್ರೆಯಾಗಿ ಕೊಡುವುದು ಎಲ್-ಡೋಪಾ. ಅದರ ಬದಲು ಡೋಪಮೈನನ್ನೇ ನುಂಗಬಾರದೆ ಎಂದು ಕೇಳುತ್ತೀರಿ. ನುಂಗಿದರೂ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ನಡುವಿನ ಗೋಡೆ ಬಿಡುವುದಿಲ್ಲ. ಎಲ್-ಡೋಪಾ ಅಮೈನೋ ಆಮ್ಲದ ಜಾತಿಯದು, ಆ ಜಾತಿಗೆಂದೇ ಇರುವ ಬಾಗಿಲಿನಿಂದ ಒಳಹೋಗಿ ಡೋಪಮೈನ್ ಆಗುತ್ತದೆ. ದಾರಿಯಲ್ಲೇ ಬದಲಾಗಿ ವಾಕರಿಕೆ ತರಿಸದಿರಲೆಂದು ಜೊತೆಗೆ ಕಾರ್ಬಿಡೋಪಾ ಸೇರಿಸುತ್ತಾರೆ.

ಬಳ್ಳಿ ಯಾವುದೆಂದು ಹೇಳಲಿಲ್ಲ. ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ. ಅದರ ಬೀಜದಲ್ಲಿರುವುದು ಇದೇ ಎಲ್-ಡೋಪಾ. ಹಾಗೆಂದು ಮಾತ್ರೆ ನುಂಗುವವರು ಅದರ ಪುಡಿಯನ್ನೂ ತಾವಾಗಿ ಸೇರಿಸಿಕೊಳ್ಳಬೇಡಿ, ಪ್ರಮಾಣ ಕೈಮೀರುತ್ತದೆ. ಇನ್ನೊಂದು: ಬೇಳೆ, ಮೊಸರು, ಮೊಟ್ಟೆಯ ಪ್ರೋಟೀನ್ ಕೂಡ ಅದೇ ಬಾಗಿಲಿಗೆ ನೂಕುನುಗ್ಗಲು ಮಾಡುತ್ತದೆ. ಊಟದ ಜೊತೆಗೇ ಮಾತ್ರೆ ನುಂಗಿ, ‘ಯಾಕೋ ಇವತ್ತು ಹಿಡಿಯಲಿಲ್ಲ’ ಎನ್ನುವ ಅಜ್ಜ ನಿಮ್ಮ ಮನೆಯಲ್ಲಿದ್ದರೆ, ಅರ್ಧ ಗಂಟೆ ಮೊದಲೇ ಕೊಡಬಹುದೇ ಎಂದು ಅವರ ವೈದ್ಯರನ್ನು ಕೇಳಿ ನೋಡಿ.